ಗುಡಿಯ ದಾಖಲೆಗೆ ಯಾವ ಲೆನ್ಸು?

ದೊಡ್ಡಗದ್ದವಳ್ಳಿಯ ಸುಮಾರು 900 ವರ್ಷ ಹಳೆಯ ಲಕ್ಷ್ಮೀದೇವಿ ಗುಡಿಯ ಕಾಳಿ ವಿಗ್ರಹವು 2020ರ ನವೆಂಬರಿನಲ್ಲಿ ಭಗ್ನವಾಗಿ ಕಂಡುಬಂದಿತು. ಒಡೆದುದನ್ನು ಜೋಡಿಸುವವರಿಗೆ ಹಿಂದಿನ ಛಾಯಾಚಿತ್ರಗಳು ದೊಡ್ಡ ಆಧಾರ. ಆದುದರಿಂದ ಲೆನ್ಸಿನ ಆಯ್ಕೆ ಬರಿಯ ಹವ್ಯಾಸದ ಮಾತಲ್ಲ.

ವೈಡ್ ಆ್ಯಂಗಲ್ ಲೆನ್ಸು ನಾಲ್ಕು ಗರ್ಭಗುಡಿಗಳ ಈ ದೇಗುಲವನ್ನೂ ಪಕ್ಕದ ಕೆರೆಯನ್ನೂ ಒಂದೇ ಚೌಕಟ್ಟಿಗೆ ತರುತ್ತದೆ. ಇಕ್ಕಟ್ಟಾದ ಒಳಾಂಗಣದಲ್ಲಿಯೂ ನೆರವಾಗುತ್ತದೆ. ಆದರೆ ತೀರ ಹತ್ತಿರದಿಂದ ತೆಗೆದರೆ ಶಿಲ್ಪದ ಮುಂಭಾಗ ಹಿಗ್ಗಿ, ಹಿಂಭಾಗ ಕುಗ್ಗಿ ಕಾಣುತ್ತದೆ. ಅಳತೆ ತಪ್ಪಬಾರದೆಂದರೆ 18–55 ಮಿ.ಮೀ. ಸಾಮಾನ್ಯ ಜೂಮ್ ಲೆನ್ಸನ್ನು 55ರತ್ತ ತಿರುಗಿಸಿ, ಸಾಧ್ಯವಾದಷ್ಟು ದೂರ ನಿಂತು, ನೇರವಾಗಿ ತೆಗೆಯಬೇಕು.

ಒಂದನ್ನೇ ಕೊಳ್ಳಬಲ್ಲ ವಿದ್ಯಾರ್ಥಿಗೆ ಸಾಮಾನ್ಯ ಜೂಮೇ ಲೇಸು. ಕೆರೆಯನ್ನು ನಾಲ್ಕು ಚಿತ್ರಗಳಲ್ಲಿ ಹಿಡಿಯಬಹುದು. ಒಡೆದುಹೋದ ಮುಖವನ್ನು ಮತ್ತೊಮ್ಮೆ ಹಿಡಿಯಲಾಗದು.