ಸೀಲಿಂಗ್ ಮೇಲಿನ ಮೂರು ಮೀಟರ್

ಸಾಲ್ಮಿಯಾ, ಫರ್ವಾನಿಯಾ, ಅಬ್ಬಾಸಿಯಾ, ಮಂಗಫ್, ಫಹಾಹೀಲ್, ಎಲ್ಲಿಂದ ಕೇಳ್ತಿದ್ದರೂ ಒಂದು ಸಣ್ಣ ಕೆಲಸ ಮಾಡಿ. ತಲೆ ಎತ್ತಿ ಸೀಲಿಂಗ್ ನೋಡಿ. ಅದರ ಮೇಲೆ ಏನಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನು ಯೋಚಿಸಿರಲಿಲ್ಲ. ಅದಕ್ಕೆ ತೆತ್ತ ದಂಡದ ಕಥೆಯನ್ನೇ ಇವತ್ತು ಹೇಳ್ತೀನಿ.

ನಮ್ಮ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟಿತ್ತು. ಹೊಸ ಫ್ಯಾನ್ ತಂದೆ. ಫ್ಯಾನಿನಿಂದ ಹೊರಗೋಡೆಯ ತೂತಿನ ತನಕ ಗಾಳಿ ಹೋಗಬೇಕಲ್ಲ, ಅದಕ್ಕೆ ಬಳುಕುವ ಡಕ್ಟ್ ಬೇಕು. ಶುವೈಖ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ 4 ಇಂಚಿನ ಅಲ್ಯೂಮಿನಿಯಂ ಡಕ್ಟ್ ಸಿಕ್ಕಿತು. ಒಳಗೆ ಸ್ಪ್ರಿಂಗಿನಂಥ ತಂತಿ, ಮೇಲೆ ತೆಳು ಹಾಳೆ, ಹಾರ್ಮೋನಿಯಂ ತಿದಿಯ ಹಾಗೆ ಎಳೆದರೆ ಉದ್ದ, ಒತ್ತಿದರೆ ಗಿಡ್ಡ. ಪ್ಯಾಕೆಟ್ಟಿನಲ್ಲಿ 3 ಮೀಟರ್ ಇತ್ತು. ನನಗೆ ಬೇಕಾಗಿದ್ದದ್ದು ಒಂದೂಕಾಲು ಮೀಟರ್. ಕತ್ತರಿಸೋಕೆ ಮನಸ್ಸಾಗಲಿಲ್ಲ. ಕಾಸು ಕೊಟ್ಟು ತಂದಿದ್ದು, ಬಿಸಾಕೋದು ಯಾಕೆ? ಪೂರ್ತಿ 3 ಮೀಟರನ್ನೂ ಸೀಲಿಂಗ್ ಒಳಗೆ ತುರುಕಿ ಮುಚ್ಚಿಬಿಟ್ಟೆ. ಫ್ಯಾನ್ ಭರ್ರೋ ಅಂತು. ಕೆಲಸ ಮುಗೀತು ಅಂದುಕೊಂಡೆ.

ಜನವರಿ ಬಂತು. ಕುವೈತಿನ ಚಳಿ ನಿಮಗೆ ಗೊತ್ತು. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತೆ, ಎಲ್ಲರೂ ಬಿಸಿಬಿಸಿ ನೀರು ಹೊಯ್ದುಕೊಳ್ತೀವಿ. ಬಾತ್‌ರೂಮಿಗೆ ಅಂಟಿಕೊಂಡಿದ್ದ ಮಗಳ ಕೋಣೆಯ ಸೀಲಿಂಗಿನಲ್ಲಿ ಒಂದು ಕಂದು ಕಲೆ ಕಾಣಿಸಿತು. ಎರಡು ವಾರದಲ್ಲಿ ಅದು ರೊಟ್ಟಿಯಷ್ಟಗಲ ಆಯ್ತು. ಅಂಚಿನಲ್ಲಿ ಕಪ್ಪು ಬೂಷ್ಟು. ಮಗಳಿಗೆ ಮೊದಲೇ ಉಬ್ಬಸದ ತೊಂದರೆ ಇತ್ತು, ರಾತ್ರಿ ಕೆಮ್ಮು ಜಾಸ್ತಿಯಾಯ್ತು. ಒದ್ದೆ ಮತ್ತು ಬೂಷ್ಟು ಉಬ್ಬಸವನ್ನು ಕೆರಳಿಸಬಹುದು, ಮೊದಲು ಅದನ್ನು ಸರಿಮಾಡಿ ಅಂದರು ಡಾಕ್ಟರು.

ನಾನು ಏನು ಮಾಡಿದೆ? ಸೀದಾ ಮೇಲ್ಮನೆಗೆ ಹೋದೆ. ನಿಮ್ಮ ಪೈಪ್ ಸೋರ್ತಾ ಇದೆ, ನನ್ನ ಮಗುವಿಗೆ ಹುಷಾರಿಲ್ಲ ಅಂತ ಹರಿಹಾಯ್ದೆ. ಕೇರಳದ ವಯಸ್ಸಾದ ದಂಪತಿ, ಪಾಪ, ಹೆದರಿಬಿಟ್ಟರು. ಹಾರಿಸ್‌ನನ್ನು ಕರೆಸಿದೆ. ಅವನು ಅವರ ಬಾತ್‌ರೂಮ್ ನೋಡಿ ಎಲ್ಲ ಒಣಗಿದೆ ಅಂದ. ನಾನು ಅವನನ್ನೂ ನಂಬಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಕೇಳಿದ್ದೀರಲ್ಲ, ಅದು ನಾನೇ.

ನಿಜ ಕಂಡುಹಿಡಿದವಳು ಮಗಳು. ಅವಳಿಗೆ ಆಗ ಹದಿನೈದು. ಕುರ್ಚಿ ಹತ್ತಿ ಪೆನ್ಸಿಲಿನಿಂದ ಕಲೆಯ ಸುತ್ತ ಗೆರೆ ಎಳೆದಳು, ಪಕ್ಕದಲ್ಲಿ ದಿನ, ಗಂಟೆ ಬರೆದಳು. ಐದು ದಿನ ಹಾಗೇ ಮಾಡಿದಳು. ಆಮೇಲೆ, "ಅಪ್ಪಾ, ಮೇಲಿನವರು ಎರಡು ದಿನ ಊರಲ್ಲೇ ಇರಲಿಲ್ಲ. ಆಗಲೂ ಕಲೆ ಬೆಳೆದಿದೆ. ನಾವು ಸ್ನಾನ ಮಾಡಿದ ಮೇಲೇ ಅದು ಒದ್ದೆಯಾಗೋದು" ಅಂದಳು. ಸೀಲಿಂಗಿನ ಸಣ್ಣ ಬಾಗಿಲು ತೆಗೆದು ಟಾರ್ಚ್ ಬಿಟ್ಟೆವು. ನನ್ನ 3 ಮೀಟರ್ ಡಕ್ಟ್ ಹಾವಿನ ಹಾಗೆ ಸುತ್ತಿಕೊಂಡು, ನಡುವೆ ಹೊಟ್ಟೆ ಜೋಲುಬಿಟ್ಟು ಮಲಗಿತ್ತು. ಆ ಹೊಟ್ಟೆಯಲ್ಲಿ ಒಂದು ತಂಬಿಗೆ ನೀರು! ಮಾಡಿದ್ದುಣ್ಣೋ ಮಹರಾಯ.

ಈ ನೀರು ಎಲ್ಲಿಂದ ಬಂತು? ಬಿಸಿ ಗಾಳಿ ತನ್ನ ಜೊತೆ ಹಬೆ ಹೊತ್ತು ಹೋಗುತ್ತೆ. ತಣ್ಣಗಿನ ಡಕ್ಟ್ ತಾಗಿದಾಗ ಹಬೆ ನೀರಾಗುತ್ತೆ, ಐಸ್ ಹಾಕಿದ ಲೋಟದ ಹೊರಗೆ ಹನಿ ಕೂರುವ ಹಾಗೆ. ಡಕ್ಟ್ ನೆಟ್ಟಗಿದ್ದರೆ ಹಬೆ ಬೇಗ ಹೊರಗೆ ಹೋಗಿಬಿಡ್ತಿತ್ತು. ನನ್ನ ಡಕ್ಟಿನಲ್ಲಿ ಗಾಳಿ ಓಡ್ತಾನೇ ಇರಲಿಲ್ಲ. ಫ್ಯಾನಿನ ಸದ್ದು ಕೇಳಿ ಗಾಳಿ ಹೋಗ್ತಿದೆ ಅಂದುಕೊಂಡಿದ್ದೆ. ಸದ್ದು ಬೇರೆ, ಕೆಲಸ ಬೇರೆ.

ಸರಿಮಾಡೋಕೆ ನಮ್ಮ ಕುಂದಾಪುರ ಕಡೆಯ ಒಬ್ಬ ಏಸಿ ಮೆಕ್ಯಾನಿಕ್ ಬಂದರು. ಇಪ್ಪತ್ತು ವರ್ಷದಿಂದ ಇಲ್ಲಿ ಇದೇ ಕೆಲಸ. ನೋಡಿ ನಕ್ಕರು, ಆಮೇಲೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದಾಗಿ ಹೇಳಿಕೊಟ್ಟರು. ಅದನ್ನೇ ನಿಮಗೂ ಹೇಳ್ತೀನಿ.

ಮೊದಲನೆಯದು, ಅಳತೆ. ಫ್ಯಾನಿನ ಬಾಯಿ ಎಷ್ಟು ಅಗಲವೋ ಡಕ್ಟೂ ಅಷ್ಟೇ ಅಗಲ ಇರಲಿ. 6 ಇಂಚಿನ ಬಾಯಿಗೆ 4 ಇಂಚಿನ ಡಕ್ಟ್ ಸಿಕ್ಕಿಸಿದರೆ, ಅಷ್ಟೇ ಗಾಳಿ ತಳ್ಳೋಕೆ ಏಳು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕಾಗುತ್ತೆ. ಸಣ್ಣ ಫ್ಯಾನಿಗೆ ಅದು ಸಾಧ್ಯವಿಲ್ಲ.

ಎರಡನೆಯದು, ಪೂರ್ತಿ ಎಳೆದು ಬಿಗಿ ಮಾಡಿ, ಮಿಕ್ಕಿದ್ದನ್ನು ಕತ್ತರಿಸಿ. ಸುಕ್ಕು ಬಿಟ್ಟ ಡಕ್ಟಿನ ಒಂದೊಂದು ಮಡಿಕೆಯೂ ಗಾಳಿಗೆ ಒಂದೊಂದು ಹಂಪ್. ಕತ್ತರಿಸುವಾಗ ದಪ್ಪ ಕೈಗವಸು ಹಾಕಿ, ಆ ತಂತಿ ಬ್ಲೇಡಿನ ಹಾಗೆ ಕೊಯ್ಯುತ್ತೆ.

ಮೂರನೆಯದು, ತಿರುವು. ತಿರುಗಲೇಬೇಕಾದರೆ ಅಗಲವಾಗಿ ತಿರುಗಿಸಿ. ನಮ್ಮ ಆಗುಂಬೆ ಘಾಟಿಯಲ್ಲಿ ಬಸ್ಸು ನಿಧಾನ ಮಾಡುತ್ತಲ್ಲ, ಗಾಳಿಗೂ ಅದೇ ಪಾಡು. ತಿರುವಿನ ತ್ರಿಜ್ಯ ಡಕ್ಟಿನ ಅಗಲಕ್ಕಿಂತ ಕಡಿಮೆ ಆಗಬಾರದು.

ನಾಲ್ಕನೆಯದು, ಆಸರೆ. ನಾಲ್ಕೈದು ಅಡಿಗೊಂದು ಪಟ್ಟಿ ಕಟ್ಟಿ. ತೆಳು ತಂತಿ ಬೇಡ, ಅದು ಡಕ್ಟನ್ನು ಹಿಸುಕುತ್ತೆ. ಒಂದೂವರೆ ಇಂಚು ಅಗಲದ ಪಟ್ಟಿ ಇರಲಿ. ಎರಡು ಆಸರೆಗಳ ನಡುವೆ ಅಡಿಗೆ ಅರ್ಧ ಇಂಚಿಗಿಂತ ಹೆಚ್ಚು ಜೋಲಬಾರದು. ಹೊರಗೋಡೆಯ ಕಡೆ ಸ್ವಲ್ಪ ಇಳಿಜಾರು ಕೊಟ್ಟರೆ, ಹನಿ ಕೂತರೂ ಹೊರಗೆ ಹರಿದುಹೋಗುತ್ತೆ.

ಐದನೆಯದು, ಜೋಡಣೆ. ಡಕ್ಟನ್ನು ಫ್ಯಾನಿನ ಕೊರಳಿಗೆ ಎರಡು ಇಂಚು ಒಳಗೆ ತಳ್ಳಿ, ಲೋಹದ ಕ್ಲ್ಯಾಂಪ್ ಬಿಗಿದು, ಮೇಲೆ ಅಲ್ಯೂಮಿನಿಯಂ ಟೇಪ್ ಎರಡು ಸುತ್ತು ಹಾಕಿ. ಸಾಧಾರಣ ಬಟ್ಟೆ ಟೇಪ್ ಇಲ್ಲಿನ ಸೆಕೆಗೆ ಒಣಗಿ ಕಳಚಿಕೊಳ್ಳುತ್ತೆ. ಹೊರಗಿನ ಬಾಯಿಗೆ, ಗಾಳಿ ಬಂದಾಗ ಮಾತ್ರ ತೆರೆಯುವ ಮುಚ್ಚಳ ಇರಲಿ. ಇಲ್ಲದಿದ್ದರೆ ಗುಬಾರ್ ಎದ್ದ ದಿನ ಮರುಭೂಮಿ ನಿಮ್ಮ ಬಾತ್‌ರೂಮಿಗೇ ಬರುತ್ತೆ.

ಕೆಲವು ಎಚ್ಚರಿಕೆಗಳು. ಏಣಿ ಹತ್ತುವ ಮೊದಲು ಮೇನ್ ಬೋರ್ಡಿನಲ್ಲಿ ಆ ಲೈನ್ ಆಫ್ ಮಾಡಿ, ಇಲ್ಲಿ ಹರಿಯೋದು 240 ವೋಲ್ಟ್. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಬಾಡಿಗೆ ಮನೆಯಾದರೆ ಹಾರಿಸ್‌ಗೆ ಹೇಳಿ, ಗೋಡೆ ಕೊರೆಯೋಕೆ ಮಾಲೀಕರ ಒಪ್ಪಿಗೆ ಬೇಕು. ಬಾತ್‌ರೂಮಿನ ಗಾಳಿಯನ್ನು ಸೀಲಿಂಗ್ ಒಳಗೇ ಬಿಡಬೇಡಿ. ಅಡುಗೆಮನೆಯ ಹೊಗೆಗೆ ಈ ತೆಳು ಡಕ್ಟ್ ಬೇಡವೇ ಬೇಡ. ಅಮ್ಮನ ಒಗ್ಗರಣೆಯ ಎಣ್ಣೆ ಜಿಡ್ಡು ಮಡಿಕೆಗಳಲ್ಲಿ ಕೂತು, ಒಲೆಯ ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತೆ. ಅಲ್ಲಿಗೆ ನುಣುಪಾದ ಗಟ್ಟಿ ಲೋಹದ ಕೊಳವೆಯೇ ಆಗಬೇಕು. ಚಳಿಗಾಲದಲ್ಲಿ ಮನೆಯೊಳಗೆ ಇದ್ದಿಲು ಉರಿಸಿ, ಫ್ಯಾನ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರಿಸದೆ ಕೊಲ್ಲುತ್ತೆ. ರಜೆಗೆ ಬೆಂಗಳೂರಿಗೆ ಹೋದಾಗ ಅಜ್ಜಿ ಮನೆಯ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದರೆ, ಅದನ್ನು ಹೊರಗೆ ಹಾಕಿಸಿ ಅಂತ ಹಟ ಹಿಡಿಯಿರಿ. ಅದರಿಂದ ಅಲ್ಲಿ ಜೀವಗಳು ಹೋಗಿವೆ.

ಫ್ಯಾನನ್ನು ದಿನವಿಡೀ ಓಡಿಸೋದೂ ಬೇಡ. ಸಣ್ಣ ಫ್ಯಾನ್ ನಿಮಿಷಕ್ಕೆ 50 ಘನ ಅಡಿ ಗಾಳಿ ಹೊರಹಾಕಿದರೆ, 20 ನಿಮಿಷಕ್ಕೆ 1000 ಘನ ಅಡಿ. ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯಷ್ಟು ಗಾಳಿ. ಅಷ್ಟೇ ಗಾಳಿ ಸಂದಿಗಳಿಂದ ಒಳಗೆ ನುಗ್ಗುತ್ತೆ. 2016ರ ಜುಲೈ 21ರಂದು ಇದೇ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಅಂಥ ದಿನಗಳಲ್ಲಿ ಒಳಗೆ ಬರೋದು ಬೆಂಕಿ ಗಾಳಿ. ಸ್ನಾನ ಮುಗಿದ ಮೇಲೆ 20 ನಿಮಿಷ ಸಾಕು.

ನಮ್ಮ ಹಿರಿಯರಿಗೆ ಫ್ಯಾನ್ ಇರಲಿಲ್ಲ, ಆದರೆ ಗಾಳಿಯ ಲೆಕ್ಕ ಗೊತ್ತಿತ್ತು. ಮಲೆನಾಡಿನ ತೊಟ್ಟಿಮನೆಯ ನಡುವೆ ತೆರೆದ ಆಕಾಶ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಯಲ್ಲಿ ಒಲೆಯ ಹೊಗೆ ಹೋಗೋಕೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಬಿಸಿ ಗಾಳಿ ಮೇಲೇರುತ್ತೆ, ಅದಕ್ಕೊಂದು ದಾರಿ ಕೊಡಬೇಕು. ಅವರು ತಿಳಿದಿದ್ದದ್ದು ಇಷ್ಟೇ, ನಾನು ಮರೆತದ್ದೂ ಇಷ್ಟೇ.

ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಇದೇ ಡಕ್ಟ್, ಏಸಿ, ಪೈಪ್ ಕೆಲಸದಿಂದಲೇ ಈ ನಾಡಿನಲ್ಲಿ ನೆಲೆ ನಿಂತವರು. ಜೂನ್ 1ರಿಂದ ಆಗಸ್ಟ್ 31ರ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ನಿಯಮ ಇದೆ. ಆದರೆ ಸೀಲಿಂಗ್ ಒಳಗಿನ ಸೆಕೆಗೆ ಯಾವ ಗಂಟೆಯ ನಿಯಮವೂ ಇಲ್ಲ. ನಮ್ಮ ಮನೆಗೆ ಬಂದವರು ಒಂದು ಗಂಟೆ ಅಲ್ಲಿ ತಲೆ ತೂರಿಸಿ, ಗಾಜಿನ ಉಣ್ಣೆಯ ತುರಿಕೆ ಸಹಿಸಿ, ಕೆಳಗಿಳಿದು ಒಂದು ಲೋಟ ನೀರು ಕೇಳಿದರು. ಮಗಳು ಅವರನ್ನು, "ಅಂಕಲ್, ನೀವು ಇದನ್ನು ಎಲ್ಲಿ ಕಲಿತಿರಿ?" ಅಂತ ಕೇಳಿದಳು. ಈ ಇಪ್ಪತ್ತು ವರ್ಷದಲ್ಲಿ ಇಲ್ಲಿ ಯಾವ ಮನೆಯ ಮಕ್ಕಳೂ ಹಾಗೆ ಕೇಳಿರಲಿಲ್ಲ ಅಂದರು ಅವರು. ನಿಮ್ಮ ಅಪ್ಪನನ್ನು ನೀವು ಕೇಳಿದ್ದೀರಾ?

ಆ ಸಂಜೆ ಮೈಸೂರುಪಾಕ್ ಡಬ್ಬ ಹಿಡಿದು ಮೇಲ್ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ತಾಯಿ ನಕ್ಕು ಡಬ್ಬ ತಗೊಂಡರು. ಮರುದಿನ ಅದೇ ಡಬ್ಬದಲ್ಲಿ ಬಾಳೆಕಾಯಿ ಚಿಪ್ಸ್ ಬಂತು. ಒದ್ದೆಯಾದ ಹಲಗೆ ಬದಲಾಯಿಸಿದೆವು, ಒಂದು ತಿಂಗಳಲ್ಲಿ ಮಗಳ ರಾತ್ರಿ ಕೆಮ್ಮು ಕಡಿಮೆಯಾಯ್ತು.

ಇವತ್ತು ನಿಮಗೊಂದು ಕೆಲಸ. ಸ್ನಾನದ ಮನೆಯ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಒಂದು ಟಿಶ್ಯೂ ಕಾಗದವನ್ನು ಅದರ ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡರೆ ಸಂತೋಷ. ಕೆಳಗೆ ಬಿದ್ದರೆ, ಮೊದಲು ಬಾಗಿಲ ಕೆಳಗೆ ಗಾಳಿ ಬರಲು ಬೆರಳಗಲ ಸಂದಿ ಇದೆಯಾ ನೋಡಿ. ಆಮೇಲೆ ಜಾಲರಿಯ ಧೂಳು ನೋಡಿ. ಅದೂ ಸರಿಯಿದ್ದರೆ ಅಪ್ಪನಿಗೆ ಏಣಿ ತರೋಕೆ ಹೇಳಿ, ಟಾರ್ಚ್ ನೀವು ಹಿಡಿಯಿರಿ. ಮೇಲ್ಮನೆಯವರ ಬಾಗಿಲು ಮಾತ್ರ ತಟ್ಟಬೇಡಿ!