ತಾಯಿ ಕಲಿಸಿದ ಅಮಾನತ್
(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನಿಗೆ ಸ್ತುತಿ ಅರ್ಪಿಸುತ್ತಾ, ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಅನುಚರರ ಮೇಲೂ ಸಲಾತ್-ಸಲಾಮ್ ಹೇಳುತ್ತಾ, ಮೊದಲು ನನಗೆ, ನಂತರ ನಿಮಗೆ ತಖ್ವಾದ ಉಪದೇಶ ಮಾಡುತ್ತೇನೆ.

ಸೂರಃ ತಹ್ರೀಮ್‌ನ 6ನೇ ಸೂಕ್ತದಲ್ಲಿ ಅಲ್ಲಾಹನು ವಿಶ್ವಾಸಿಗಳಿಗೆ ಒಂದು ಹೊಣೆ ಹೊರಿಸಿದ್ದಾನೆ. ನಿಮ್ಮನ್ನು ಮಾತ್ರವಲ್ಲ, ನಿಮ್ಮ ಮನೆಯವರನ್ನೂ ನರಕದಿಂದ ರಕ್ಷಿಸಿಕೊಳ್ಳಬೇಕು ಎಂಬುದು ಆ ಆದೇಶ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಪಾಲಕ, ಅದರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿ(ಸ) ಹೇಳಿರುವುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದೇ ಹದೀಸಿನಲ್ಲಿ ಪುರುಷನನ್ನೂ ಪಾಲಕ ಎಂದರು, ಸ್ತ್ರೀಯನ್ನೂ ಪಾಲಕಿ ಎಂದರು. ಮನೆಯ ತರಬೇತಿಯನ್ನು ಪೂರ್ತಿಯಾಗಿ ತಾಯಿಯ ಹೆಗಲಿಗೆ ಹಾಕಿ ಕೈ ತೊಳೆದುಕೊಳ್ಳಲು ತಂದೆಗೆ ಅವಕಾಶವಿಲ್ಲ. ಇಂದು ನಾನು ತಾಯಿಯ ಬಗ್ಗೆ ಮಾತಾಡುತ್ತಿದ್ದರೂ ಈ ಮಾತು ಮೊದಲು ಸಲ್ಲುವುದು ಇಲ್ಲಿ ಕುಳಿತಿರುವ ನಮಗೆ.

ಸಹೋದರರೇ, ಕುಟುಂಬಗಳ ಮುನಿಸು ಬಗೆಹರಿಸಲು ಕುಳಿತಾಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿರುತ್ತದೆ. ಎಲ್ಲಿಂದ ಶುರುವಾಯಿತು ಎಂದು ಕೆದಕುತ್ತಾ ಹೋದರೆ ಅದು ಆಸ್ತಿಯೂ ಅಲ್ಲ, ಹಣವೂ ಅಲ್ಲ. ದೊಡ್ಡಪ್ಪನ ಮನೆಗೆ ಆಡಲು ಹೋದ ಮಗು ತಂದ ಒಂದು ಮಾತು ಅದು. ಮಗು ತಾನಾಗಿ ತಂದದ್ದೂ ಅಲ್ಲ. ಮನೆಗೆ ಬಂದ ಕೂಡಲೇ ನಾವು ಅದನ್ನು ಎದುರು ಕೂರಿಸಿ ಕೇಳಿದ್ದೆವು. ಅಲ್ಲಿ ಏನು ಅಡುಗೆ? ಯಾರು ಬಂದಿದ್ದರು? ನನ್ನ ಬಗ್ಗೆ ಏನಾದರೂ ಹೇಳಿದರಾ? ಎರಡು ಸಲ ಹೀಗೆ ಕೇಳಿದರೆ ಸಾಕು, ಮೂರನೇ ಸಲ ಮಗು ಕೇಳದೆಯೇ ಹೇಳುತ್ತದೆ. ಅಮ್ಮನಿಗೆ ಯಾವ ಸುದ್ದಿ ಇಷ್ಟ ಎಂಬುದು ಅದಕ್ಕೆ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಇದಕ್ಕೆ ಪ್ರತಿಯಾಗಿ ಮದೀನಾದ ಒಂದು ಮನೆಯನ್ನು ನೋಡೋಣ. ಅದು ಉಮ್ಮು ಸುಲೈಮ್(ರ)ರ ಮನೆ.

ಅನ್ಸಾರ್ ಮಹಿಳೆಯರಲ್ಲಿ ಬೇಗನೆ ಇಸ್ಲಾಮ್ ಸ್ವೀಕರಿಸಿದವರಲ್ಲಿ ಅವರೂ ಒಬ್ಬರು. ಆಗ ಅವರ ಮಗ ಅನಸ್(ರ) ಪುಟ್ಟ ಹುಡುಗ. ತಾಯಿ ಅವನಿಗೆ ಕಲಿಮಾ ಹೇಳಿಕೊಡುತ್ತಿದ್ದರು. ಪತಿ ಮಾಲಿಕ್ ಬಿನ್ ನಝ್ರ್‌ಗೆ ಅದು ಹಿಡಿಸಲಿಲ್ಲ, ನನ್ನ ಮಗನನ್ನು ಕೆಡಿಸಬೇಡ ಎಂದು ಗದರಿದರು. ಕೆಡಿಸುತ್ತಿಲ್ಲ ಎಂದಷ್ಟೇ ಉತ್ತರಿಸಿ ತಾಯಿ ಕಲಿಸುವುದನ್ನು ಮುಂದುವರಿಸಿದರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಪತಿ ಮನೆ ಬಿಟ್ಟು ಹೋದರು, ಹೊರಗೇ ಮರಣ ಹೊಂದಿದರು. ತಂದೆಯಿಲ್ಲದ ಮಗನೊಂದಿಗೆ ಆ ತಾಯಿ ಒಂಟಿಯಾದರು.

ಮುಂದೆ ಅಬೂ ತಲ್ಹಾ ಎಂಬ ಅನುಕೂಲಸ್ಥ ವ್ಯಕ್ತಿಯಿಂದ ವಿವಾಹದ ಪ್ರಸ್ತಾಪ ಬಂತು. ಅವರು ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಉಮ್ಮು ಸುಲೈಮ್(ರ) ಚಿನ್ನ ಬೆಳ್ಳಿ ಕೇಳಲಿಲ್ಲ. ನೀವು ಇಸ್ಲಾಮ್ ಸ್ವೀಕರಿಸಿದರೆ ಅದೇ ನನ್ನ ಮಹ್ರ್ ಎಂದರು. ನಸಾಈಯಲ್ಲಿ ಈ ವರದಿ ಇದೆ. ನಮ್ಮ ಮದುವೆ ಮಾತುಕತೆಗಳಲ್ಲಿ ಯಾವುದರ ಲೆಕ್ಕ ಮೊದಲು ಬರುತ್ತದೆ ಎಂಬುದನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ.

ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅನಸ್(ರ)ರಿಗೆ ಹತ್ತು ವರ್ಷ. ಅಬೂ ತಲ್ಹಾ(ರ) ಹುಡುಗನ ಕೈ ಹಿಡಿದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದರು, ಇವನು ಬುದ್ಧಿವಂತ, ತಮ್ಮ ಸೇವೆಯಲ್ಲಿರಲಿ ಎಂದರು. ಇದನ್ನು ಬುಖಾರಿಯಲ್ಲಿ ಅನಸ್(ರ) ಅವರೇ ವಿವರಿಸಿದ್ದಾರೆ. ಕೈ ಹಿಡಿದು ಕರೆದೊಯ್ದವರು ಹೆತ್ತ ತಂದೆಯಲ್ಲ, ತಾಯಿಯ ಎರಡನೇ ಪತಿ ಎಂಬುದನ್ನು ಗಮನಿಸಿ. ಹೆಂಡತಿಯ ಮಗನನ್ನು ಅವರು ಹೊರಗಿನವನಂತೆ ಕಾಣಲಿಲ್ಲ, ಬುದ್ಧಿವಂತ ಎಂದು ಪರಿಚಯಿಸಿದರು. ಮುಂದೆ ಅನಸ್(ರ) ಅಬೂ ತಲ್ಹಾ(ರ)ರ ಉದಾರತೆಯ ಪ್ರಸಂಗಗಳನ್ನು ಗೌರವದಿಂದ ವರದಿ ಮಾಡಿದರು. ಅವರು ತಮಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನು ಅಲ್ಲಾಹನ ಮಾರ್ಗದಲ್ಲಿ ಬಿಟ್ಟುಕೊಟ್ಟು, ಪ್ರವಾದಿ(ಸ)ರ ಸಲಹೆಯಂತೆ ಬಂಧುಗಳಿಗೆ ಹಂಚಿದ ಘಟನೆ ನಮಗೆ ತಲುಪಿರುವುದು ಈ ಮಗನ ಬಾಯಿಂದಲೇ. ಎರಡು ಸಂಬಂಧಗಳ ನಡುವೆ ತಾಯಿ ಹಗೆ ಬಿತ್ತಲಿಲ್ಲ. ಬಿತ್ತಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಈಗ ಮುಖ್ಯ ಘಟನೆಗೆ ಬರುತ್ತೇನೆ. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ದಿನ ಅನಸ್(ರ) ಹುಡುಗರ ಜೊತೆ ಆಡುತ್ತಿದ್ದರು. ಪ್ರವಾದಿ(ಸ) ಅಲ್ಲಿಗೆ ಬಂದು ಮಕ್ಕಳಿಗೆ ಸಲಾಮ್ ಹೇಳಿದರು, ಅನಸ್(ರ)ರನ್ನು ಯಾವುದೋ ಕೆಲಸಕ್ಕೆ ಕಳುಹಿಸಿದರು. ಅವರು ಮನೆಗೆ ಮರಳುವಾಗ ತಡವಾಯಿತು. ಯಾಕೆ ತಡ ಎಂದು ತಾಯಿ ಕೇಳಿದರು. ಪ್ರವಾದಿ(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು ಎಂದರು ಮಗ. ಏನು ಕೆಲಸ ಎಂದು ತಾಯಿ ಮತ್ತೆ ಕೇಳಿದರು. ಅದು ಗುಟ್ಟು ಎಂದನು ಹುಡುಗ.

ಸಹೋದರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಮನೆಯಲ್ಲಾದರೆ ಮುಂದೇನಾಗುತ್ತಿತ್ತು? ಹೆತ್ತವಳಿಗೇ ಗುಟ್ಟಾ ಎಂಬ ಮಾತು ಬರುತ್ತಿತ್ತು. ಸಿಹಿ ಕೊಡುತ್ತೇನೆ ಹೇಳು ಎನ್ನುತ್ತಿದ್ದೆವು. ಅದಕ್ಕೂ ಬಗ್ಗದಿದ್ದರೆ ಗದರುತ್ತಿದ್ದೆವು. ಉಮ್ಮು ಸುಲೈಮ್(ರ)ರಿಗೂ ಕುತೂಹಲವಿತ್ತು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ. ಆದರೆ ಗುಟ್ಟು ಎಂಬ ಶಬ್ದ ಕೇಳಿದ ಕೂಡಲೇ ಅವರು ಮಗನ ಪರವಾಗಿ ನಿಂತರು. ಪ್ರವಾದಿ(ಸ)ರ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ತಾಕೀತು ಮಾಡಿದರು. ಆ ‘ಯಾರಿಗೂ’ ಎಂಬುದರಲ್ಲಿ ತಮ್ಮನ್ನೂ ಸೇರಿಸಿಕೊಂಡರು.

ಅಮಾನತ್ ಎಂದರೇನು ಎಂದು ಆ ತಾಯಿ ಪ್ರವಚನ ನೀಡಲಿಲ್ಲ. ತಮ್ಮ ಕುತೂಹಲವನ್ನು ಬಿಟ್ಟುಕೊಟ್ಟರು, ಮಗ ಅದನ್ನು ನೋಡಿದ. ಅದು ಎಷ್ಟು ಆಳಕ್ಕೆ ಇಳಿಯಿತು ಎಂಬುದು ಹದೀಸಿನ ಕೊನೆಯಲ್ಲಿದೆ. ಎಷ್ಟೋ ವರ್ಷಗಳ ನಂತರ ಅನಸ್(ರ) ಈ ಘಟನೆಯನ್ನು ತಮ್ಮ ಪ್ರೀತಿಯ ಶಿಷ್ಯ ಸಾಬಿತ್‌ರಿಗೆ ಹೇಳಿದರು. ಯಾರಿಗಾದರೂ ಆ ಗುಟ್ಟು ಹೇಳುವುದಿದ್ದರೆ ನಿನಗೆ ಹೇಳುತ್ತಿದ್ದೆ ಎಂದು ಅಲ್ಲಾಹನ ಮೇಲೆ ಆಣೆಯಿಟ್ಟರು. ಆದರೆ ಹೇಳಲಿಲ್ಲ. ಅನಸ್(ರ) ಹಿಜರಿ 93ರ ಸುಮಾರಿಗೆ ಬಸ್ರಾದಲ್ಲಿ ನಿಧನರಾದಾಗ ನೂರು ವರ್ಷ ದಾಟಿದ್ದರು. ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳನ್ನು ಅವರು ಸಮುದಾಯಕ್ಕೆ ತಲುಪಿಸಿದರು. ಹೇಳಬೇಕಾದುದನ್ನೆಲ್ಲ ಹೇಳಿದ ಆ ನಾಲಿಗೆ, ಹೇಳಬಾರದ ಆ ಒಂದು ಮಾತನ್ನು ತನ್ನಲ್ಲೇ ಇಟ್ಟುಕೊಂಡಿತು. ಆ ದಿನ ಅವರು ಯಾವ ಕೆಲಸಕ್ಕೆ ಹೋಗಿದ್ದರು ಎಂಬುದು ಆ ಹದೀಸನ್ನು ಓದುವ ನಮಗೂ ತಿಳಿಯುವುದಿಲ್ಲ. ಇಂತಹ ನಾಲಿಗೆಯಿಂದ ಬಂದ ಹದೀಸನ್ನು ಸಮುದಾಯ ನಂಬಿತು ಎಂದರೆ ಆ ನಂಬಿಕೆಯ ಒಂದು ಬೇರು ತಾಯಿಯ ಮನೆಯಲ್ಲಿತ್ತು.

ಇಲ್ಲಿ ಒಂದು ವಿಷಯವನ್ನು ತಪ್ಪಾಗಿ ತಿಳಿಯಬಾರದು. ತಾಯಿ ಏನನ್ನೂ ಕೇಳಬಾರದು ಎಂದು ಇದರ ಅರ್ಥವಲ್ಲ. ಯಾಕೆ ತಡವಾಯಿತು ಎಂದು ಉಮ್ಮು ಸುಲೈಮ್(ರ) ಕೇಳಿಯೇ ಕೇಳಿದರು. ಮಗ ಎಲ್ಲಿದ್ದ, ಯಾರ ಜೊತೆಗಿದ್ದ ಎಂಬುದು ಅವರಿಗೆ ತಿಳಿಯಬೇಕಿತ್ತು. ತಿಳಿದ ಮೇಲೆ, ಕಳುಹಿಸಿದವರು ಪ್ರವಾದಿ(ಸ) ಎಂದು ಖಚಿತವಾದ ಮೇಲೆ, ಸುಮ್ಮನಾದರು. ನಿಮ್ಮ ಮಕ್ಕಳಿಗೆ ಇದನ್ನೂ ಸ್ಪಷ್ಟವಾಗಿ ಹೇಳಿಕೊಡಿ: ಯಾರಾದರೂ ನಿನ್ನ ಮೈಮುಟ್ಟಿ, ನೋವು ಕೊಟ್ಟು, ಅಥವಾ ಹೆದರಿಸಿ, ಯಾರಿಗೂ ಹೇಳಬೇಡ ಎಂದರೆ ಅದು ಅಮಾನತ್ ಅಲ್ಲ, ಅದು ಅನ್ಯಾಯ. ಅಂಥವನು ಬಂಧುವಾಗಿರಲಿ, ಕಲಿಸುವವನಾಗಿರಲಿ, ಅದೇ ದಿನ ಅಮ್ಮನಿಗೆ ಹೇಳು. ಅನ್ಯಾಯವನ್ನು ಮುಚ್ಚಿಡಲು ದೀನ್‌ನ ಹೆಸರನ್ನು ಬಳಸಲು ಯಾರಿಗೂ ಹಕ್ಕಿಲ್ಲ.

ಆದರೆ ಅಜ್ಜಿ ಏನು ಹೇಳಿದಳು, ಚಿಕ್ಕಮ್ಮ ಏನು ಖರೀದಿಸಿದಳು ಎಂದು ಮಗುವನ್ನು ಗೂಢಚಾರನಾಗಿ ಮಾಡುವುದು ಬೇರೆ. ಸೂರಃ ಹುಜುರಾತ್‌ನ 12ನೇ ಸೂಕ್ತದಲ್ಲಿ ಅಲ್ಲಾಹನು ಇತರರ ಗುಟ್ಟು ಕೆದಕುವುದನ್ನು ಮತ್ತು ಪರದೂಷಣೆಯನ್ನು ಒಟ್ಟಿಗೇ ನಿಷೇಧಿಸಿದ್ದಾನೆ. ಚಾಡಿಕೋರನು ಸ್ವರ್ಗ ಪ್ರವೇಶಿಸಲಾರ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನಮ್ಮ ಮಗುವನ್ನು ನಾವೇ ಆ ದಾರಿಗೆ ಹಚ್ಚುವುದೇ? ಈಗ ಇದಕ್ಕೆ ಮಗು ನಡೆದುಹೋಗಬೇಕಾಗಿಯೂ ಇಲ್ಲ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಮನೆಗೆ ಕಳುಹಿಸಿದರೆ ಅದೂ ಚಾಡಿಯೇ. ಪಕ್ಕದಲ್ಲಿ ಕುಳಿತ ಮಗು ನಮ್ಮ ಬೆರಳು ನೋಡಿಯೇ ಕಲಿಯುತ್ತದೆ.

ಮಾತಿನಲ್ಲಿ ಪ್ರಾಮಾಣಿಕತೆಯೂ ಹೀಗೆಯೇ. ಅಬ್ದುಲ್ಲಾ ಬಿನ್ ಆಮಿರ್(ರ) ಬಾಲ್ಯದ ಒಂದು ಘಟನೆ ಹೇಳಿರುವುದು ಅಬೂದಾವೂದ್‌ನಲ್ಲಿದೆ. ಪ್ರವಾದಿ(ಸ) ಅವರ ಮನೆಯಲ್ಲಿ ಕುಳಿತಿದ್ದಾಗ ತಾಯಿ ಮಗುವನ್ನು, ಬಾ, ಕೊಡುತ್ತೇನೆ ಎಂದು ಕರೆದರು. ಏನು ಕೊಡಲು ಬಯಸಿದ್ದೆ ಎಂದು ಪ್ರವಾದಿ(ಸ) ಕೇಳಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದಿದ್ದರೆ ನಿನ್ನ ಮೇಲೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಅವರು ತಿಳಿಸಿದರು. ಮಗುವಿಗೆ ಹೇಳಿದ ಸುಳ್ಳೂ ಸುಳ್ಳೇ. ಸಾಲಗಾರ ಬಾಗಿಲಿಗೆ ಬಂದಾಗ, ಅಪ್ಪ ಮನೆಯಲ್ಲಿಲ್ಲ ಎಂದು ಹೇಳು ಎಂದು ಮಗನನ್ನು ಕಳುಹಿಸುವ ತಂದೆ, ತಾಯಿ ವರ್ಷವಿಡೀ ಕಲಿಸಿದ್ದನ್ನು ಒಂದೇ ನಿಮಿಷದಲ್ಲಿ ಅಳಿಸಿ ಹಾಕುತ್ತಾನೆ.

ಆದ್ದರಿಂದ ಪುರುಷರಿಗೆ ನನ್ನ ಮಾತು. ನಮ್ಮ ಕರಾವಳಿಯಲ್ಲಿ ಗಲ್ಫ್‌ನಲ್ಲಿ ದುಡಿಯುವವರ ಮನೆಗಳು ಬಹಳ. ಅಲ್ಲಿ ತಂದೆಯ ಕೆಲಸವನ್ನೂ ತಾಯಿಯೇ ಮಾಡುತ್ತಾಳೆ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮಕ್ಕಳ ಎದುರೇ ಅವಳನ್ನು ಗದರಿಸಿದರೆ, ಮರುದಿನ ಅವಳ ಮಾತಿಗೆ ಮಕ್ಕಳಲ್ಲಿ ಏನು ಬೆಲೆ ಉಳಿಯುತ್ತದೆ? ಊರಲ್ಲಿರುವವರೂ ಯೋಚಿಸಬೇಕು. ಪತ್ನಿಯ ತವರನ್ನು ಮಕ್ಕಳ ಮುಂದೆ ಹೀಯಾಳಿಸುವವನು ಅರ್ಧ ಬಂಧುಗಳನ್ನು ಮಕ್ಕಳಿಂದ ಕಿತ್ತುಕೊಳ್ಳುತ್ತಾನೆ.

ಪ್ರವಾದಿ(ಸ)ರ ನಡೆ ನೋಡಿ. ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತಾಗ ಮಗುವಿನ ಅಳು ಕೇಳಿದರೆ, ತಾಯಿಗೆ ಸಂಕಟವಾದೀತೆಂದು ನಮಾಝನ್ನು ಸಂಕ್ಷಿಪ್ತಗೊಳಿಸುತ್ತಿದ್ದರು. ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಹತ್ತು ವರ್ಷ ಸೇವೆ ಮಾಡಿದ ತಮಗೆ ಅವರು ಒಮ್ಮೆಯೂ ‘ಉಫ್’ ಎನ್ನಲಿಲ್ಲ ಎಂದು ಸಾಕ್ಷಿ ಹೇಳಿದವರು ಇದೇ ಅನಸ್(ರ). ಮನೆಯಲ್ಲಿ ತಾಯಿ ಕಲಿಸಿದ್ದಕ್ಕೆ ಹೊರಗೆ ಇಂತಹ ಮಾದರಿ ಸಿಕ್ಕಿತು. ಹಾಗಾಗಿ ಆ ಪಾಠ ನೆಲೆನಿಂತಿತು. ಅನಸ್(ರ) ದೊಡ್ಡವರಾದ ಮೇಲೆ ಮಕ್ಕಳ ಬಳಿ ಹಾದುಹೋಗುವಾಗ ಅವರಿಗೆ ತಾವೇ ಸಲಾಮ್ ಹೇಳುತ್ತಿದ್ದರು, ಪ್ರವಾದಿ(ಸ) ಹೀಗೆ ಮಾಡುತ್ತಿದ್ದರು ಎನ್ನುತ್ತಿದ್ದರು.

ಸಹೋದರರೇ, ಇಂದು ಮನೆಗೆ ಹೋಗಿ ಮೂರು ಕೆಲಸ ಮಾಡೋಣ. ಬಂಧುಗಳ ಮನೆಯಿಂದ ಮರಳಿದ ಮಗುವಿನೊಂದಿಗೆ, ಅಲ್ಲಿ ಯಾರಿಗೆ ಸಲಾಮ್ ಹೇಳಿದೆ, ಅಜ್ಜಿಗೆ ಏನು ಸಹಾಯ ಮಾಡಿದೆ ಎಂದು ಕೇಳೋಣ, ಅಷ್ಟಕ್ಕೇ ನಿಲ್ಲಿಸೋಣ. ಮಕ್ಕಳ ತಾಯಿಯನ್ನು ಮಕ್ಕಳ ಎದುರು ಗೌರವಿಸೋಣ. ಮಾತು ಬಿಟ್ಟಿರುವ ಬಂಧುವೊಬ್ಬರ ಮನೆಗೆ ಈ ವಾರ ಮಗುವಿನ ಕೈ ಹಿಡಿದುಕೊಂಡು ಹೋಗೋಣ. ನಾವು ಹೇಳಿದ್ದನ್ನು ಅದು ಮರೆಯಬಹುದು, ಆ ಬಾಗಿಲು ತಟ್ಟಿದ್ದನ್ನು ಮರೆಯಲಾರದು.

ಓ ಅಲ್ಲಾಹ್, ನಮ್ಮನ್ನು ಹೆತ್ತು ಸಾಕಿದ ತಾಯಂದಿರ ಮೇಲೆ ಕರುಣೆ ತೋರು. ಅಗಲಿದವರನ್ನು ಕ್ಷಮಿಸು. ಒಂಟಿಯಾಗಿ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಿಗೆ ಶಕ್ತಿ ನೀಡು. ನಮ್ಮ ಮಕ್ಕಳ ನಾಲಿಗೆಯನ್ನು ಚಾಡಿಯಿಂದ ಕಾಪಾಡು, ಅವರ ಹೃದಯಗಳನ್ನು ಬಂಧುಗಳ ಪ್ರೀತಿಯಿಂದ ತುಂಬು. ಅವರು ನಮ್ಮಿಂದ ಕಲಿಯುವುದು ಒಳಿತಾಗುವಂತೆ, ಮೊದಲು ನಮ್ಮನ್ನು ತಿದ್ದು. ಆಮೀನ್.