ಯಂತ್ರ ಬಂದಿತು, ಕಚೇರಿ ಬದಲಾಯಿತೆ?

ಹಾಸನದಿಂದ ಗೊರೂರಿನ ದಾರಿ ಹಿಡಿದವರಿಗೆ ಶೆಟ್ಟಿಹಳ್ಳಿ ಎಂದೊಡನೆ ನೆನಪಾಗುವುದು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ, ಚಾವಣಿ ಕಳಚಿದ ಇಗರ್ಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡ ಅದು. ಅಣೆಕಟ್ಟು ಎದ್ದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಮತ್ತೆ ಮೈ ತೋರುತ್ತದೆ. ಅದನ್ನು ನೋಡಲು ಪೇಟೆಯ ಜನ ಬಿಸಿಲೇರಿದ ಮೇಲೆ ಹೋಗುತ್ತಾರೆ. ಬೆಳಗಿನ ಜಾವದಲ್ಲೇ ಹೊರಟರೆ ಆ ಸೀಮೆಯ ಇನ್ನೊಂದು ನೋಟವನ್ನೂ ಕಾಣಬಹುದು: ಸ್ಟೀಲಿನ ಕ್ಯಾನು, ತಂಬಿಗೆ ಹಿಡಿದು ಹಾಲು ಹಾಕಲು ಹೊರಟ ಹೆಂಗಸರು, ಗಂಡಸರು, ಶಾಲೆಗೆ ಹೋಗುವ ಮುಂಚೆ ಮನೆಯ ಕೆಲಸ ಮುಗಿಸುತ್ತಿರುವ ಮಕ್ಕಳು. ಬೋರ್ಡಿನ ಮೇಲೆ ಹಾಲು ಉತ್ಪಾದಕರ ಸಹಕಾರ ಸಂಘ ಎಂದು ಬರೆದಿದ್ದರೂ ಜನರ ಬಾಯಲ್ಲಿ ಅದು ಡೈರಿ.

ನಿಮ್ಮ ಮನೆಯ ಬಾಗಿಲಿಗೆ ಬರುವ ನಂದಿನಿ ಪೊಟ್ಟಣದ ಮೊದಲ ಕೊನೆ ಇಂಥ ಡೈರಿಗಳಲ್ಲಿದೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1974ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಹೈನು ಅಭಿವೃದ್ಧಿಯ ಕೆಲಸ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಎಂಬ ಹೆಸರು ತಾಳಿತು. ಕೆಳಗೆ ಹಳ್ಳಿಯ ಸಂಘ, ನಡುವೆ ಜಿಲ್ಲೆಯ ಒಕ್ಕೂಟ, ಮೇಲೆ ಮಹಾಮಂಡಳಿ. ಇದು ವ್ಯಾಪಾರವೇ, ಸಂದೇಹ ಬೇಡ. ದಿನಕ್ಕೆ ಎರಡು ಹೊತ್ತು ಸರಕು ಕೊಳ್ಳಬೇಕು, ಅಲ್ಲೇ ಪರೀಕ್ಷಿಸಬೇಕು, ಕೆಡುವುದರೊಳಗೆ ಸಾಗಿಸಬೇಕು, ಲೆಕ್ಕ ಹಾಕಿ ಬಟವಾಡೆ ಮಾಡಬೇಕು. ಇಷ್ಟು ತರಾತುರಿಯ ವ್ಯಾಪಾರ ಪೇಟೆಯ ಯಾವ ಮಳಿಗೆಯಲ್ಲಿಯೂ ಇರಲಾರದು. ಇಲ್ಲಿಗೂ ಗಣಕಯಂತ್ರ ಬಂದಿದೆ. ಬಂದ ಮೇಲೆ ಏನಾಯಿತು, ಇನ್ನೂ ಏನಾಗಬೇಕಾಗಿದೆ ಎಂಬುದೇ ಈ ಹೊತ್ತಿನ ವಿಚಾರ.

ಹೊಸ ಯಂತ್ರ ಬಂದೊಡನೆ ಕೆಲಸ ತಾನಾಗಿಯೇ ಸುಧಾರಿಸುತ್ತದೆಂಬ ನಂಬಿಕೆ ಹಳೆಯದು. ಅದು ಎಷ್ಟು ನಿಜವೆಂಬುದಕ್ಕೆ ವಿದ್ಯುಚ್ಛಕ್ತಿಯ ಕಥೆಯನ್ನು ಕೇಳಬೇಕು. ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರರು 1990ರಲ್ಲಿ ಈ ಕಥೆಯನ್ನು ಗಣಕಯಂತ್ರದ ಜೊತೆಯಲ್ಲಿಟ್ಟು ವಿವರಿಸಿದರು. ಅಮೆರಿಕದ ಹಳೆಯ ಕಾರ್ಖಾನೆಗಳಲ್ಲಿ ಒಂದು ದೊಡ್ಡ ಉಗಿಯಂತ್ರ; ಅದರಿಂದ ಮಾಳಿಗೆ ಮಾಳಿಗೆಗೂ ಹಾಯ್ದ ಉದ್ದನೆಯ ತಿರುಗುಗಂಬಿ; ಅದಕ್ಕೆ ಪಟ್ಟೆ ಬಿಗಿದು ನೂರಾರು ಯಂತ್ರಗಳನ್ನು ತಿರುಗಿಸುವುದು. ನಮ್ಮ ಊರುಗಳ ಹಳೆಯ ಹಿಟ್ಟಿನ ಗಿರಣಿಯನ್ನು ಕಂಡವರಿಗೆ ಈ ಪಟ್ಟೆಯ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯುತ್ ಮೋಟಾರು ಬಂದಾಗ ಮಾಲಿಕರು ಮಾಡಿದ್ದೇನು? ಉಗಿಯಂತ್ರವನ್ನು ತೆಗೆದು ಅದೇ ಜಾಗದಲ್ಲಿ ಮೋಟಾರು ಕೂರಿಸಿದರು. ಗಂಬಿ ಅದೇ, ಪಟ್ಟೆ ಅದೇ, ಮಾಳಿಗೆಯೂ ಅದೇ. ಲಾಭ ಅಷ್ಟಕ್ಕಷ್ಟೆ. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಕೊಟ್ಟು, ಮಾಳಿಗೆಯ ಕಟ್ಟಡ ಬಿಟ್ಟು ನೆಲದ ಮೇಲೆಯೇ ಹರಡಿ, ಕೆಲಸ ಹರಿಯುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಮೇಲೆ, ಅಂದರೆ 1920ರ ದಶಕದ ಹೊತ್ತಿಗೆ, ಉತ್ಪಾದನೆ ಏರಿತು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೂ ಆ ಕಲಿಕೆಗೆ ಎಷ್ಟು ವರ್ಷ ಹಿಡಿಯಿತೆಂಬುದು ತಿಳಿಯುತ್ತದೆ.

ಪೇಟೆಯ ಅಂಗಡಿಯಲ್ಲೂ ಇದೇ ಗಂಬಿ, ಇದೇ ಪಟ್ಟೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಅಂಗಡಿ ಅಂಗಡಿಗೂ ಗಣಕಯಂತ್ರ ಬಂದಿತು. ಗಲ್ಲೆಯ ಪಕ್ಕದಲ್ಲಿ ಅದು ಮಿನುಗುತ್ತಿರುತ್ತದೆ. ಯಾವ ಸರಕು ಎಷ್ಟು ಉಳಿದಿದೆ ಎಂದು ಕೇಳಿದರೆ ಯಜಮಾನರು ಯಂತ್ರದ ಕಡೆ ನೋಡುವುದಿಲ್ಲ, ಒಳಮನೆಯ ಕಡೆ ಕೂಗುತ್ತಾರೆ. ತಿಂಗಳ ಕೊನೆಗೆ ಚೀಟಿಗಳ ಕಟ್ಟು ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತದೆ. ಸರ್ಕಾರಕ್ಕೆ ಲೆಕ್ಕ ಸಿಕ್ಕಿತು, ಅಂಗಡಿಗೆ ಏನೂ ಸಿಕ್ಕಲಿಲ್ಲ. ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ನಮ್ಮ ಸೀಮೆಯಲ್ಲಿ ಒಂದಲ್ಲ, ಹಲವುಂಟು. ಹೆಸರಿನಲ್ಲೇ ವ್ಯಾಪಾರವಿರುವ ಊರುಗಳು. ಆ ಹಿಂದಿನ ಶೆಟ್ಟರು ಓಲೆಯ ಮೇಲೋ ಕಡತದ ಮೇಲೋ ಬರೆದದ್ದು ಮರುದಿನದ ವ್ಯಾಪಾರಕ್ಕಾಗಿ. ಬರೆದದ್ದನ್ನು ತಾವೇ ಓದಿಕೊಳ್ಳದ ವ್ಯಾಪಾರಿಗೆ ಬರವಣಿಗೆ ಬರಿಯ ಸುಂಕವಷ್ಟೆ.

ಆದರೆ ಕಚೇರಿ ಬದಲಾದದ್ದಕ್ಕೂ ನಮ್ಮಲ್ಲೇ ನಿದರ್ಶನವಿದೆ. ಅದು ವ್ಯಾಪಾರದ ಸಂಸ್ಥೆಯದಲ್ಲ, ಕಂದಾಯ ಇಲಾಖೆಯದು. ವ್ಯಾಪಾರದವರು ಕಲಿಯಬೇಕಾದ ಪಾಠ ಅಲ್ಲಿ ಎಷ್ಟೋ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಜಮೀನಿನ ಪಹಣಿ ಹಿಂದೆ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಹೋದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮನುಷ್ಯರು ಬದಲಾದರು, ಪುಸ್ತಕ ಬದಲಾಗಲಿಲ್ಲ. ಮೂರು ನಾಲ್ಕು ಊರುಗಳ ಪಹಣಿ ಪುಸ್ತಕಗಳು ಒಬ್ಬ ಲೆಕ್ಕಿಗರ ಚೀಲದಲ್ಲಿ. ಬ್ಯಾಂಕಿನ ಸಾಲಕ್ಕೆ ಪಹಣಿಯ ನಕಲು ಬೇಕೆಂದರೆ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕು. ಇಂದು ಸಭೆ, ನಾಳೆ ಪ್ರವಾಸ, ನಾಳಿದ್ದು ಸಂತೆ. ಸಿಕ್ಕಿದರೂ ಕೈ ಬೆಚ್ಚಗೆ ಮಾಡದೆ ಕಾಗದ ಹೊರಡುವುದು ಅಪರೂಪ.

ಇದಕ್ಕೆ ಗಣಕಯಂತ್ರದ ಮದ್ದನ್ನು 1991ರಷ್ಟು ಹಿಂದೆಯೇ ಗುಲ್ಬರ್ಗದಲ್ಲಿ ಪ್ರಯೋಗಿಸಿ ನೋಡಿದ್ದರು. ಆಮೇಲೆ ಉಳಿದ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಫಲ ಸಿಕ್ಕಲಿಲ್ಲ. ಏತಕ್ಕೆಂದರೆ ಯಂತ್ರವಿದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಪಹಣಿ ತಿದ್ದುತ್ತಿದ್ದದ್ದು ಕೆಳಗೆ ತಾಲ್ಲೂಕಿನಲ್ಲಿ, ಹಳ್ಳಿಯಲ್ಲಿ. ಮೇಲೆ ಒಮ್ಮೆ ಬರೆದು ತುಂಬಿದ್ದು ಕೆಳಗಿನ ಪುಸ್ತಕ ಬದಲಾಗುತ್ತ ಹೋದಂತೆ ಹಳಸಿತು. ಕಾಯಿದೆಯ ಬಲವೆಲ್ಲ ಕೈಬರಹದ ಪುಸ್ತಕಕ್ಕೆ. ಯಂತ್ರದ್ದು ಉತ್ಸವಮೂರ್ತಿಯ ಸ್ಥಾನ.

ಹೊಸ ಶತಮಾನದ ಮೊದಲಿಗೆ ಬಂದ ‘ಭೂಮಿ’ ಯೋಜನೆ ಗೆದ್ದದ್ದು ಯಂತ್ರ ಉತ್ತಮವಾಗಿತ್ತೆಂದಲ್ಲ. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರು, ಸುಮಾರು 9,000 ಗ್ರಾಮ ಲೆಕ್ಕಿಗರು. ಇಷ್ಟು ದೊಡ್ಡ ಕೆಲಸದಲ್ಲಿ ತುಂಬಿದ ವಿವರಗಳ ಪ್ರತಿಯನ್ನು ಲೆಕ್ಕಿಗರ ಕೈಗೇ ಕೊಟ್ಟು, ಅವರೇ ತಾಳೆ ನೋಡಿ ರುಜು ಹಾಕುವಂತೆ ಮಾಡಿದರು. ಯಂತ್ರದ ಪಹಣಿ ತಪ್ಪು ಎಂದು ನಾಳೆ ದೂರುವ ದಾರಿ ಹೀಗೆ ಮುಚ್ಚಿತು. ಆ ಮೇಲೆ ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲವೆಂದು ಸಾರಿದರು. ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ ಎಂದು ನನ್ನ ಎಣಿಕೆ. ಎರಡು ಪುಸ್ತಕಗಳಿದ್ದಷ್ಟು ದಿನ ಜನ ಹಳೆಯದನ್ನೇ ನಂಬುತ್ತಾರೆ, ನೌಕರರೂ ಹಳೆಯದನ್ನೇ ಬರೆಯುತ್ತಾರೆ.

ಕಿಟಕಿಯ ವ್ಯವಸ್ಥೆಯನ್ನೂ ನೋಡಿ. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಅಲ್ಲೇ ಪಹಣಿ ಪಡೆಯಬಹುದಾಯಿತು. ಕೆಲಸ ಮಾಡುವವರ ಮುಂದೆ ಒಂದು ತೆರೆ. ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ತೆರೆ. ಒಳಗೆ ಏನು ನಡೆಯುತ್ತಿದೆಯೆಂಬುದು ಹೊರಗೆ ನಿಂತವನಿಗೆ ಕಾಣುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗೆ ಸರದಿಯ ಸಂಖ್ಯೆ ಬಿದ್ದಿತು. ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಮಾಡಲು ಬರುವಂತಿರಲಿಲ್ಲ. ಯಾರು ತಿದ್ದಿದರೆಂಬುದಕ್ಕೆ ಅವರ ಬೆರಳಚ್ಚೇ ಸಾಕ್ಷಿ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಅವರು 2002ರಲ್ಲಿ ಬಳಕೆದಾರರನ್ನು ವಿಚಾರಿಸಿದಾಗ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66, ಹೊಸ ಕಿಟಕಿಯಲ್ಲಿ ಕೊಟ್ಟೆವೆಂದವರು ನೂರಕ್ಕೆ 3.

ಬೆಲೆ ತೆರದೆ ಇದು ಬಂದಿತೆಂದು ಮಾತ್ರ ಹೇಳಬಾರದು. ಊರಿನಲ್ಲೇ ಸಿಗುತ್ತಿದ್ದ ಕಾಗದಕ್ಕೆ ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಬೇಕಾಯಿತು. ನಾಡಕಚೇರಿಗಳಲ್ಲಿ ದೊರೆಯುವಂತಾದದ್ದು ಆಮೇಲೆ. ಪುಸ್ತಕದಲ್ಲಿದ್ದ ತಪ್ಪು ಯಂತ್ರದೊಳಕ್ಕೆ ಹೋದ ಮೇಲೆ ಅದನ್ನು ತಿದ್ದಿಸುವ ಕೆಲಸ ಮತ್ತೊಂದು ಅಲೆದಾಟ. ತಾಲ್ಲೂಕಿಗೆ ಎಲ್ಲ ಬಂದು ಸೇರಿದ್ದರಿಂದ ಬೆಂಗಳೂರಿನ ಸುತ್ತ ಭೂಮಿ ಕೊಳ್ಳುವ ದೊಡ್ಡವರಿಗೆ ಅನುಕೂಲವಾಯಿತೆಂದು 2007ರಲ್ಲಿ ಕೆಲವು ಸಂಶೋಧಕರು ಬರೆದರು. ಲೆಕ್ಕಿಗರ ಮಾತೂ ಒಂದಿದೆ. ಯಾರ ಹೊಲ ಯಾರು ಉಳುತ್ತಾರೆ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ ಹೇಗಾಗಿದೆ ಎಂಬುದು ಅವರ ತಲೆಯಲ್ಲಿತ್ತು. ಅದಕ್ಕೆ ಯಂತ್ರದಲ್ಲಿ ಮನೆ ಇರಲಿಲ್ಲ. ಅವರ ಕೈಯಿಂದ ಪುಸ್ತಕ ಹೋಯಿತು, ಬೆಳೆ ಬರೆಯುವುದು, ತಿಳಿವಳಿಕೆ ಪತ್ರ ಮುಟ್ಟಿಸುವುದು, ಸ್ಥಳ ನೋಡುವುದು ಉಳಿಯಿತು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. ಅಧಿಕಾರ ಕಳೆದುಕೊಂಡವರಿಗೆ ಗೌರವದ ಕೆಲಸವೊಂದನ್ನು ಉಳಿಸಿಕೊಡದಿದ್ದರೆ ಬದಲಾವಣೆ ನಿಲ್ಲುವುದು ಕಷ್ಟ.

ಇನ್ನು ನಮ್ಮ ಡೈರಿಗೆ ಬರೋಣ. ಹಿಂದೆ ಹಾಲನ್ನು ಅಳತೆಯ ಪಾತ್ರೆಯಲ್ಲಿ ಅಳೆದು, ಲ್ಯಾಕ್ಟೋಮೀಟರು ಇಳಿಬಿಟ್ಟು, ಜಿಡ್ಡಿನ ಪರೀಕ್ಷೆಗೆ ಸೀಸೆಯಲ್ಲಿ ಮಾದರಿ ತೆಗೆಯುತ್ತಿದ್ದರು. ಗಂಧಕಾಮ್ಲ ಹಾಕಿ, ತಿರುಗಿಸುವ ಯಂತ್ರದಲ್ಲಿಟ್ಟು, ಗಾಜಿನ ಕೊಳವೆಯ ಗೀಟು ನೋಡುವ ಗರ್ಬರ್ ವಿಧಾನ. ಫಲ ತಿಳಿಯುವ ಹೊತ್ತಿಗೆ ಹಾಲು ಹಾಕಿದವರು ಮನೆ ಸೇರಿರುತ್ತಿದ್ದರು. ಪಾಸುಪುಸ್ತಕದಲ್ಲಿ ಕಾರ್ಯದರ್ಶಿ ಬರೆದದ್ದೇ ಅಂಕಿ. ಈಗ ವಿದ್ಯುತ್ ತಕ್ಕಡಿ ತೂಗುತ್ತದೆ, ಪಕ್ಕದ ಪುಟ್ಟ ಯಂತ್ರ ನಿಮಿಷದೊಳಗೆ ಜಿಡ್ಡನ್ನೂ ಜಿಡ್ಡಲ್ಲದ ಘನಾಂಶವನ್ನೂ ಹೇಳುತ್ತದೆ, ಲೀಟರು, ದರ, ರೂಪಾಯಿ ಎಲ್ಲ ಅಚ್ಚಾದ ಚೀಟಿ ಕೈಗೆ ಬರುತ್ತದೆ.

“ಏನಣ್ಣ, ನೆನ್ನೆ ನಾಕು ಬಂದಿತ್ತು, ಇವತ್ತು ಮೂರೂವರೆಗೆ ಇಳಿದೈತಲ್ಲ?”

“ನಾನೇನ್ ಮಾಡ್ಲಕ್ಕ, ಮಿಷೀನ್ ಹೇಳ್ತದೆ.”

ಈ ಉತ್ತರದಲ್ಲೇ ತೊಡಕಿದೆ. ಮೊದಲು ಕಾರ್ಯದರ್ಶಿಯನ್ನು ಪ್ರಶ್ನಿಸಬಹುದಾಗಿತ್ತು. ಈಗ ಯಾರನ್ನು ಕೇಳುವುದು? ಆ ಯಂತ್ರವನ್ನು ದಿನವೂ ತೊಳೆಯಬೇಕು, ಆಗಾಗ ಗೊತ್ತಿರುವ ಮಾದರಿಯೊಂದಿಗೆ ಒರೆಹಚ್ಚಿ ಸರಿಮಾಡಬೇಕು. ಇಲ್ಲದಿದ್ದರೆ ಅಂಕಿ ಆ ಕಡೆ ಈ ಕಡೆ ಸರಿಯುತ್ತದೆ. ಇದನ್ನು ಯಾರು, ಯಾವ ವಾರ, ಯಾರೆದುರಿಗೆ ಮಾಡಬೇಕು? ಸಂಶಯ ಬಂದವರು ಹಳೆಯ ವಿಧಾನದಲ್ಲಿ ಮತ್ತೊಮ್ಮೆ ಪರೀಕ್ಷೆ ಕೇಳಬಹುದೆ? ಯಂತ್ರ ಕೊಳ್ಳುವ ನಿರ್ಣಯವನ್ನು ಆಡಳಿತ ಮಂಡಳಿ ಒಂದೇ ಸಭೆಯಲ್ಲಿ ಮಾಡಿಬಿಡಬಹುದು. ಮೇಲಿನ ಪ್ರಶ್ನೆಗಳಿಗೂ ಒಂದು ನಿರ್ಣಯ ಬರೆದು ಗೋಡೆಗೆ ಹಚ್ಚಿರುವ ಸಂಘದಲ್ಲಿ ಮಾತ್ರ ಆ ಚೀಟಿಗೆ ಬೆಲೆ. ತಾಲ್ಲೂಕು ಕಚೇರಿಯಲ್ಲಿ ರೈತನ ಕಡೆಗೆ ತಿರುಗಿಸಿದ್ದ ಆ ಎರಡನೆಯ ತೆರೆಯ ಕೆಲಸವೇ ಇದು.

ಇದಕ್ಕಿಂತ ಸೂಕ್ಷ್ಮವಾದದ್ದು ಬಟವಾಡೆ. ಹಿಂದೆ ಬಟವಾಡೆಯ ದಿನ ಡೈರಿಯ ಜಗಲಿಯಲ್ಲೇ ನಗದು ಎಣಿಸಿ ಕೊಡುತ್ತಿದ್ದರು. ಸದಸ್ಯತ್ವ ಗಂಡನ ಹೆಸರಿನಲ್ಲಿ. ಹಸುವಿಗೆ ಹುಲ್ಲು ತರುವವಳು, ಹಿಂಡುವವಳು, ಹಾಲು ಹಾಕುವವಳು ಹೆಂಡತಿ. ಪುಸ್ತಕ ತಂದವರ ಕೈಗೆ ದುಡ್ಡು ಹೋಗುವುದು ವಾಡಿಕೆಯಾದ್ದರಿಂದ ಹಲವು ಮನೆಗಳಲ್ಲಿ ಅದು ಅವಳ ಸೆರಗಿನ ಗಂಟಿಗೇ ಬೀಳುತ್ತಿತ್ತು. ಹಿಂಡಿಯ ಬಾಕಿ, ಮಗಳ ಶಾಲೆಯ ಫೀಜು, ಚೀಟಿಯ ಕಂತು ಅದರಿಂದಲೇ. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಮುಂದೆ ಅದು 5 ರೂಪಾಯಿಗೆ ಏರಿತು, ನೇರವಾಗಿ ಬ್ಯಾಂಕಿನ ಖಾತೆಗೆ ಹೋಗತೊಡಗಿತು. ಹಾಲಿನ ಹಣವೂ ಹಲವೆಡೆ ಅದೇ ದಾರಿ ಹಿಡಿಯಿತು. ನಡುವೆ ಯಾರೂ ಕೈಯಾಡಿಸುವಂತಿಲ್ಲ, ಒಳ್ಳೆಯದೇ. ಆದರೆ ಖಾತೆ ಯಾರದು? ಸದಸ್ಯನದು. ಸಂದೇಶ ಬರುವ ಮೊಬೈಲು ಯಾರ ಜೇಬಿನಲ್ಲಿದೆ? ಅದನ್ನೂ ಹೇಳಬೇಕೆ! ವಾಡಿಕೆ ಸದ್ದಿಲ್ಲದೆ ಕೊಟ್ಟಿದ್ದ ಹಕ್ಕನ್ನು ಕ್ರಮಬದ್ಧವಾದ ಲೆಕ್ಕ ಸದ್ದಿಲ್ಲದೆ ಕಿತ್ತುಕೊಂಡಿತು. ಯಂತ್ರದಲ್ಲಿ ದೋಷವಿಲ್ಲ. ಅದು ಸದಸ್ಯತ್ವದ ಪುಸ್ತಕದಲ್ಲಿದ್ದ ಹೆಸರನ್ನು ನಂಬಿತು. ಆ ಪುಸ್ತಕ ಮಾತ್ರ ಹಳೆಯ ತಿರುಗುಗಂಬಿಯಂತೆ ಹಾಗೆಯೇ ಉಳಿಯಿತು.

ಹೆಂಗಸರೇ ಸದಸ್ಯರಾಗಿ, ಹೆಂಗಸರೇ ಕಾರ್ಯದರ್ಶಿಯಾಗಿ ನಡೆಸುವ ಮಹಿಳಾ ಹಾಲು ಸಂಘಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ. ಅಲ್ಲಿ ಈ ತೊಡಕು ಹುಟ್ಟುವುದೇ ಇಲ್ಲ, ಏತಕ್ಕೆಂದರೆ ಹಾಲು ಹಾಕುವವಳ ಹೆಸರೇ ಪುಸ್ತಕದಲ್ಲಿದೆ. ಉಳಿದ ಸಂಘಗಳಲ್ಲಿಯೂ ದಾರಿ ದೂರವೇನಿಲ್ಲ: ಒಂದು ಅರ್ಜಿ, ಷೇರಿನ ಅಲ್ಪ ಮೊತ್ತ, ಆಡಳಿತ ಮಂಡಳಿಯ ಒಂದು ನಿರ್ಣಯ, ಅವಳದೇ ಹೆಸರಿನ ಬ್ಯಾಂಕ್ ಖಾತೆ. ವರ್ಷಕ್ಕೊಮ್ಮೆ ಸೇರುವ ಸರ್ವಸದಸ್ಯರ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದು ಕಾಫಿ ಬರುವುದರೊಳಗೆ ಯಾರಾದರೂ ಎದ್ದು ನಿಂತು ಇದನ್ನು ಪ್ರಸ್ತಾಪಿಸಬಹುದು. ಎದ್ದು ನಿಲ್ಲಬೇಕಾದವಳು ಸದಸ್ಯಳಲ್ಲವಾದ್ದರಿಂದ ಅವಳಿಗೆ ಆ ಸಭೆಯಲ್ಲಿ ಮತವಿಲ್ಲ. ಮೊದಲ ಮಾತನ್ನು ಅವಳ ಗಂಡನೇ ಆಡಬೇಕಾಗುತ್ತದೆ.